ತಾಯಿಯವರ ವಾಕರಿಕೆಗೆ ಅಕ್ಯುಪಂಕ್ಚರ್

ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ತಾಯಿಯವರಿಗೆ ವಾಕರಿಕೆಯಾದರೆ ಅಕ್ಯುಪಂಕ್ಚರ್ (ದೇಹದ ಕೆಲವು ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚಿಕಿತ್ಸೆ) ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ. ಆದರೆ ವೈದ್ಯರು ಕೊಡುವ ಔಷಧದ ಬದಲಿಗಲ್ಲ, ಅದರ ಜೊತೆಗೆ.

ಈ ತೊಂದರೆಗೆ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಮುಂಗೈಯ ಒಳಭಾಗದಲ್ಲಿರುವ ‘ಪಿ6’ ಎಂಬ ಬಿಂದು. ಇದರಿಂದ ವಾಕರಿಕೆ ಕಡಿಮೆಯಾಗುತ್ತದೆ ಎಂದು 2015ರ ಕಾಕ್ರೇನ್ ವಿಮರ್ಶೆಯೂ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೇಳಿದೆ. ಸೂಜಿಯೇ ಬೇಕೆಂದಿಲ್ಲ, ಬೆರಳಿನಿಂದ ಒತ್ತಿದರೂ ಆಗುತ್ತದೆ. ಅವರ ಅಂಗೈಯನ್ನು ಮೇಲ್ಮುಖವಾಗಿಸಿ. ಮಣಿಕಟ್ಟಿನ ಗೆರೆಯಿಂದ ಮೊಣಕೈಯತ್ತ ಅವರದೇ ಮೂರು ಬೆರಳಗಲ ಅಳೆಯಿರಿ. ಮುಷ್ಟಿ ಬಿಗಿದಾಗ ಹುರಿಗಳಂತೆ ಎದ್ದು ಕಾಣುವ ಎರಡು ಸ್ನಾಯುರಜ್ಜುಗಳ ನಡುವಿನ ತಗ್ಗೇ ಆ ಜಾಗ. ಹೆಬ್ಬೆರಳಿನಿಂದ, ನೋವಾಗದಂತೆ, ಕೆಲವು ನಿಮಿಷ ಒತ್ತಿ ಹಿಡಿಯಿರಿ. ಡ್ರಿಪ್ ಹಾಕಿದ ಕೈಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.

ಸೂಜಿಯನ್ನೇ ಹಾಕಿಸುವುದಾದರೆ ಮೊದಲು ಶಸ್ತ್ರವೈದ್ಯರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರಂತೂ ತಪ್ಪದೇ ತಿಳಿಸಿ.