ಮೊದಲ 200 ಕಿ.ಮೀ. ಬ್ರೆವೆಗೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ತಯಾರಿ ಹೇಗೆ, ಮುಗಿದ ಮೇಲೆ ಸುಧಾರಿಸಿಕೊಳ್ಳುವುದು ಹೇಗೆ?

ಈಗ 60–70 ಕಿ.ಮೀ. ಆರಾಮಾಗಿ ತುಳಿಯುತ್ತೀರಿ ಅಂದರೆ 200 ಖಂಡಿತ ಆಗುತ್ತದೆ. ಬ್ರೆವೆಯಲ್ಲಿ ಅದಕ್ಕೆ ಹದಿಮೂರೂವರೆ ಗಂಟೆ ಸಮಯವಿರುತ್ತದೆ. ನಿಲ್ಲುವ ಹೊತ್ತೂ ಸೇರಿ ಗಂಟೆಗೆ ಸುಮಾರು 15 ಕಿ.ಮೀ. ಸಾಕು. ಹಾಗಾಗಿ ವೇಗದ ಚಿಂತೆ ಬಿಡಿ, ಜಾಸ್ತಿ ಹೊತ್ತು ಸೀಟಿನ ಮೇಲೆ ಕೂರುವುದನ್ನು ರೂಢಿ ಮಾಡಿಕೊಳ್ಳಿ. ವಾರಕ್ಕೊಂದು ಲಾಂಗ್ ರೈಡನ್ನು ನಿಧಾನವಾಗಿ 120–130ರವರೆಗೆ ಏರಿಸಿ. ಕೊನೆಯ ವಾರ ತುಳಿಯುವುದು ಕಡಿಮೆ, ನಿದ್ದೆ ಜಾಸ್ತಿ.

ನನ್ನ ಪ್ರಕಾರ ಬಹಳ ಜನರಿಗೆ ಕೈಕೊಡುವುದು ಹೊಟ್ಟೆ. ಹಸಿವಾಗುವ ತನಕ ಕಾಯಲೇಬೇಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಜೊತೆಗೆ ಜೇಬಿನಲ್ಲಿ ಚಿಕ್ಕಿ, ಖರ್ಜೂರ ಇರಲಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಶುರುವಾಗಬಹುದು. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇಟ್ಟುಕೊಳ್ಳಿ. ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ.

ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಚಡ್ಡಿ ಹಾಕಬೇಡಿ, ಅದರ ಹೊಲಿಗೆ ಉಜ್ಜಿ ಉಜ್ಜಿ ತೊಡೆಸಂದಿನಲ್ಲಿ ಗಾಯವಾಗುತ್ತದೆ. ಹೊಸ ಸೀಟು, ಹೊಸ ಶೂ ಆ ದಿನ ಬೇಡವೇ ಬೇಡ.

ಮುಗಿದ ಮೇಲೆ ಒಂದೆರಡು ಗಂಟೆಯೊಳಗೆ ಅನ್ನ, ಬೇಳೆ ಸಾರು, ಮೊಸರು ಅಥವಾ ಮೊಟ್ಟೆ ಹೊಟ್ಟೆತುಂಬ ತಿನ್ನಿ. ಮರುದಿನ ಸುಮ್ನೆ ಬಿದ್ದುಕೊಂಡಿರುವ ಬದಲು ಅರ್ಧ ಗಂಟೆ ನಡೆಯಿರಿ, ಕಾಲು ಸಡಿಲವಾಗುತ್ತದೆ. ಎರಡು ಮೂರು ದಿನ ನೋವು ಸಹಜ. ಆದರೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಸ್ನಾಯು ವಿಪರೀತ ದಣಿದು ಒಡೆದಾಗ ಹೀಗಾಗುತ್ತದೆ, ಕಿಡ್ನಿಗೆ ಅಪಾಯ.