ತಪಾಸಣೆಗೆ ಯಾವ ಫೈಲ್ ರೆಡಿ ಇಡಬೇಕು ಅಂತ ಕೇಳಿದವರಿಗೆ

ಅಡುಗೆ ಮಾಡಿ ಮಾರುವವರ ಅಡುಗೆಮನೆಗೆ ಬರುವ ಆಹಾರ ಸುರಕ್ಷತೆ ತಪಾಸಣೆಗೆ ಮುಂಚೆ ಏಜೆಂಟ್ ಹಿಡಿದು ಯಾವ ಯಾವ ಕಾಗದ ಮಾಡಿಸಿಟ್ಟರೆ ಪಾಸ್ ಆಗ್ತೀವಿ ಅಂತ ಕೇಳಿದ್ದೀರಿ. ನನ್ನ ಫೈಲ್ ತುಂಬಾ ಚೆನ್ನಾಗಿತ್ತು. ಆದರೂ ಅಡುಗೆಮನೆಗೆ ಬೀಗ ಬಿತ್ತು.

ಆಗ ಆರ್ಡರ್ ಮೇಲೆ ಅಡುಗೆ ಮಾಡಿಕೊಡುತ್ತಿದ್ದೆ. ಲೈಸೆನ್ಸ್, ಕೆಲಸದವರ ತರಬೇತಿ ಸರ್ಟಿಫಿಕೇಟ್, ನೀರಿನ ಪರೀಕ್ಷೆ ವರದಿ ಎಲ್ಲ ಇತ್ತು. ಫ್ರಿಜ್‌ನ ತಾಪಮಾನವನ್ನು ಬೆಳಿಗ್ಗೆ ಸಂಜೆ ಬರೆಯುತ್ತಿದ್ದೆವು. ದಿನವೂ 4 ಡಿಗ್ರಿ. ಸುಳ್ಳಲ್ಲ, ನಿಜಕ್ಕೂ ಅಷ್ಟೇ ಇರುತ್ತಿತ್ತು. ಅಧಿಕಾರಿ ಪುಸ್ತಕ ತಿರುವಿ ಹಾಕಿ ಸುಮ್ನಿದ್ದರು. ಆಮೇಲೆ ಹಿಂದಿನ ರಾತ್ರಿ ಇಟ್ಟಿದ್ದ ಗ್ರೇವಿ ಪಾತ್ರೆಯ ಮುಚ್ಚಳ ಸರಿಸಿ, ಥರ್ಮಾಮೀಟರ್ ಕಡ್ಡಿಯನ್ನು ನಟ್ಟನಡುವೆ ಇಳಿಸಿದರು. 23 ಡಿಗ್ರಿ!

ನಾವು ಇಷ್ಟು ದಿನ ಅಳೆದಿದ್ದು ಫ್ರಿಜ್‌ನ ಗಾಳಿ. ಪಾತ್ರೆ ಆಳ, ಗ್ರೇವಿ ಗಟ್ಟಿ, ಮೇಲೆ ಬಿಗಿ ಮುಚ್ಚಳ. ಹೊರಗಿಂದ ಮುಟ್ಟಿದರೆ ತಣ್ಣಗಿರುತ್ತೆ, ನಡುವಿನ ಬಿಸಿ ಮಾತ್ರ ಅಲ್ಲೇ ಕೂತಿರುತ್ತೆ. ಕುದಿಸಿದ್ದೀವಲ್ಲ ಅಂತ ವಾದಕ್ಕೂ ನಿಂತೆ. ಆದರೆ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಅನ್ನೋ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಬದುಕುತ್ತವೆ. ಅಡುಗೆ ನಿಧಾನವಾಗಿ ಆರುವಾಗ ಮೊಳೆತು ಹೆಚ್ಚುತ್ತವೆ. ಕುದಿಯುವಾಗ ಗ್ರೇವಿಯೊಳಗಿನ ಆಮ್ಲಜನಕ ಹೋಗಿರುತ್ತಲ್ಲ, ಆಮ್ಲಜನಕ ಇಲ್ಲದ ಜಾಗವೇ ಅವಕ್ಕೆ ಬೇಕಾದ್ದು. ಬಿಸಿ ಅಡುಗೆ 57 ಡಿಗ್ರಿಯಿಂದ 21ಕ್ಕೆ 2 ಗಂಟೆಯಲ್ಲಿ ಇಳಿಯಬೇಕು, ಒಟ್ಟು 6 ಗಂಟೆಯೊಳಗೆ 5ಕ್ಕೆ ಬರಬೇಕು ಅಂತ ಅಮೆರಿಕದ ಫುಡ್ ಕೋಡ್ (ಆಹಾರ ಸುರಕ್ಷತೆಯ ಮಾದರಿ ನಿಯಮ) ಹೇಳುವುದು ಇದಕ್ಕೇ. ನಿಮ್ಮ ಕಡೆಯ ನಿಯಮದಲ್ಲಿ ಅಂಕಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ.

ಅವತ್ತಿನ ಅಡುಗೆಯನ್ನೆಲ್ಲ ಕಣ್ಣೆದುರೇ ಚೆಲ್ಲಿಸಿದರು. ಮರುತಪಾಸಣೆ ಆಗೋವರೆಗೂ ಕೆಲಸ ಬಂದ್. ಆ ನಡುವೆ ನಮ್ಮ ದೊಡ್ಡ ಗಿರಾಕಿ ಬೇರೆಯವರ ಹತ್ತಿರ ಹೋದರು, ತಿರುಗಿ ಬರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಲೈಸೆನ್ಸ್ ಬೇಕೇ ಬೇಕು. ಅದರ ಅರ್ಜಿಯನ್ನು ಇಲಾಖೆಯ ನಿಯಮ ಓದಿ ನೀವೇ ತುಂಬಿ, ಆಗ ಆ ನೆಪದಲ್ಲಾದರೂ ನಿಯಮ ಓದಿದ ಹಾಗಾಗುತ್ತೆ. ಏಜೆಂಟ್‌ಗೆ ಕೊಡೋ ದುಡ್ಡಲ್ಲಿ ಚುಚ್ಚಿ ನೋಡುವ ಒಳ್ಳೆ ಥರ್ಮಾಮೀಟರ್ ತಗೊಳ್ಳಿ. ಐಸ್ ತುಂಬಿದ ನೀರಲ್ಲಿ ಅದ್ದಿದಾಗ ಅದು 0 ತೋರಿಸಬೇಕು, ಆಗಾಗ ನೋಡ್ತಿರಿ. ಬಿಸಿ ಅಡುಗೆಯನ್ನು ಅಗಲವಾದ ತಟ್ಟೆಗಳಿಗೆ ತೆಳುವಾಗಿ ಸುರಿಯಿರಿ, ಎರಡು ಇಂಚಿಗಿಂತ ಆಳ ಬೇಡ. ಪುಸ್ತಕದಲ್ಲಿ ಯಾವ ಅಡುಗೆ, ಎಷ್ಟು ಹೊತ್ತಿಗೆ, ನಡುವಲ್ಲಿ ಎಷ್ಟು ಡಿಗ್ರಿ ಅಂತ ಬರೆಯಿರಿ. 2 ಗಂಟೆಯಲ್ಲಿ 21ಕ್ಕೆ ಇಳಿಯದಿದ್ದರೆ ಮತ್ತೆ 74ಕ್ಕೆ ಕಾಯಿಸಿ ಆರಿಸಿದಿರೋ, ಚೆಲ್ಲಿದಿರೋ, ಅದನ್ನೂ ಬರೆಯಿರಿ. ವರ್ಷವಿಡೀ ಒಂದೂ ತೊಂದರೆ ಕಾಣದ ಪುಸ್ತಕ ನೋಡಿದರೆ ತಪಾಸಣೆಯವರಿಗೆ ಅನುಮಾನವೇ ಜಾಸ್ತಿ.