ಶೇಂಗಾ ಪರೀಕ್ಷೆಯಲ್ಲಿ ಬಿ1, ಜಿ1 ಪೀಕ್‌ಗಳು ಏಕೆ ಏಳುವುದಿಲ್ಲ?

ಶೇಂಗಾದಲ್ಲಿ ಬೂಷ್ಟಿನಿಂದ ಬರುವ ವಿಷವಾದ ಅಫ್ಲಾಟಾಕ್ಸಿನ್ ಪರೀಕ್ಷೆಯಲ್ಲಿ ಅದರ ಬಿ2, ಜಿ2 ಬಗೆಗಳ ಪೀಕ್‌ಗಳು (ಗ್ರಾಫಿನ ಏರುಗಳು) ಚೆನ್ನಾಗಿ ಬರುತ್ತಿವೆ, ಬಿ1, ಜಿ1 ಮಾತ್ರ ನೆಲ ಕಚ್ಚಿವೆ, ಹೊಳಪನ್ನು ಅಳೆಯುವ ಫ್ಲೋರೆಸೆನ್ಸ್ ಡಿಟೆಕ್ಟರ್ ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ಬಿಚ್ಚಬೇಡಿ. ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಉಪಕರಣದ ಮುಂದೆ ಕೂತು ಇದೇ ಕೆಲಸ ಮಾಡುವವನು ನಾನು. ತೊಂದರೆ ಇರುವುದು ನೀರಿನಲ್ಲಿ.

ಈ ವಿಷಗಳ ಹೆಸರಿಗೆ ಬಿ, ಜಿ ಅಕ್ಷರಗಳು ಬಂದಿದ್ದೇ ಬೆಳಕಿನಿಂದ. ನೇರಳಾತೀತ ದೀಪದ ಕೆಳಗೆ ನೀಲಿಯಾಗಿ (ಬ್ಲೂ) ಹೊಳೆಯುವುದು ಬಿ, ಹಸಿರಾಗಿ (ಗ್ರೀನ್) ಹೊಳೆಯುವುದು ಜಿ. ಆದರೆ ಮಾದರಿಯನ್ನು ಉಪಕರಣದೊಳಗೆ ಹೊತ್ತೊಯ್ಯುವ ದ್ರವದಲ್ಲಿ, ಅಂದರೆ ಮೊಬೈಲ್ ಫೇಸ್‌ನಲ್ಲಿ, ನೀರು ಹೆಚ್ಚಿದ್ದರೆ ಬಿ1, ಜಿ1ಗಳ ಹೊಳಪು ಅಡಗಿಹೋಗುತ್ತದೆ. ಬಿ2, ಜಿ2ಗಳಿಗೆ ಆ ಕಾಟವಿಲ್ಲ. ಇವೆರಡು ಜೋಡಿಗಳಿಗಿರುವ ವ್ಯತ್ಯಾಸ ತುದಿಯ ಫ್ಯೂರಾನ್ ಉಂಗುರದ ಒಂದೇ ಒಂದು ದ್ವಿಬಂಧ.

ಹಾಗೆಂದು, ವಸ್ತು ಹೀರಿಕೊಂಡ ಬೆಳಕನ್ನು ಅಳೆಯುವ ಯುವಿ ಡಿಟೆಕ್ಟರ್‌ಗೆ ಮರಳಬೇಡಿ. ಅದು ಧಾರಾಳವಾದ ಬೆಳಕಿನಲ್ಲಿ ಕೂದಲೆಳೆಯಷ್ಟು ಕಡಿಮೆಯಾದದ್ದನ್ನು ಅಳೆಯಬೇಕು. ಫ್ಲೋರೆಸೆನ್ಸ್ ಡಿಟೆಕ್ಟರ್ ದೀಪದ ಕಿರಣಕ್ಕೆ ಅಡ್ಡವಾಗಿ, ಕತ್ತಲೆಯತ್ತ ಕಣ್ಣಿಟ್ಟು ಕೂತಿರುತ್ತದೆ. ಅಮಾವಾಸ್ಯೆಯ ರಾತ್ರಿ ಬಯಲಿನಾಚೆಯ ಹಣತೆಯೂ ಕಾಣುತ್ತದಲ್ಲ, ಹಾಗೆ. ಕಿಲೋ ಕಾಳಿನಲ್ಲಿ ಕೆಲವೇ ಮೈಕ್ರೋಗ್ರಾಂ ಹುಡುಕುವ ನಮಗೆ ಆ ಕತ್ತಲೆಯೇ ಆಸರೆ. 365 ನ್ಯಾನೋಮೀಟರ್‌ನಲ್ಲಿ ಬೆಳಕು ಕೊಟ್ಟು 435ರಲ್ಲಿ ಓದಿ.

ಪರಿಹಾರವೆಂದರೆ ಆ ದ್ವಿಬಂಧಕ್ಕೆ ನೀರನ್ನು ಕೂಡಿಸಿಬಿಡುವುದು. ಮಾದರಿಯನ್ನು ಉಪಕರಣಕ್ಕೆ ಚುಚ್ಚುವ ಮೊದಲೇ ಅದಕ್ಕೆ ಟ್ರೈಫ್ಲೋರೋಅಸಿಟಿಕ್ ಆಮ್ಲ ಹಾಕಿದರೆ ಬಿ1, ಜಿ1ಗಳು ಬಿ2ಎ, ಜಿ2ಎ ಆಗಿ ಬೆಳಗುತ್ತವೆ. ಪೀಕ್‌ಗಳ ಸರದಿಯೂ ಆಗ ಬದಲಾಗುತ್ತದೆ: ಜಿ2ಎ, ಬಿ2ಎ, ಆಮೇಲೆ ಜಿ2, ಬಿ2. ಇದನ್ನು ಮರೆತರೆ ಒಂದರ ಹೆಸರು ಇನ್ನೊಂದಕ್ಕೆ ಅಂಟುತ್ತದೆ. ಒಮ್ಮೆ ನಾನು ಆಮ್ಲ ಹಾಕಿದ ಮಾದರಿಯನ್ನು ಮೆಥನಾಲ್‌ನಲ್ಲಿ ಕರಗಿಸಿಟ್ಟೆ. ಬೆಳಿಗ್ಗೆ ನೆಟ್ಟಗಿದ್ದ ಪೀಕ್‌ಗಳು ಸಂಜೆಯ ಹೊತ್ತಿಗೆ ಸೊರಗಿದ್ದವು. ಈ ರೂಪಗಳು ಮೆಥನಾಲ್‌ನಲ್ಲಿ ಬಾಳುವುದಿಲ್ಲ. ನೀರು, ಅಸಿಟೋನೈಟ್ರೈಲ್ ಮಿಶ್ರಣ ಬಳಸಿ.

ನನಗೆ ಹಿಡಿಸಿರುವುದು ಇನ್ನೊಂದು ದಾರಿ. ವಸ್ತುಗಳು ಬೇರ್ಪಡುವ ಕೊಳವೆಯಾದ ಕಾಲಮ್ ಮತ್ತು ಡಿಟೆಕ್ಟರ್ ನಡುವೆ 254 ನ್ಯಾನೋಮೀಟರ್ ದೀಪಕ್ಕೆ ಸುತ್ತಿದ ಸಣ್ಣ ಕೊಳವೆಯ ಸುರುಳಿ. ಅಲ್ಲಿ ಆಮ್ಲದ ಕೆಲಸವನ್ನು ಬೆಳಕೇ ಮಾಡುತ್ತದೆ. ಆಮ್ಲದ ಹೊಗೆಯಿಲ್ಲ, ಜಿ2, ಜಿ1, ಬಿ2, ಬಿ1 ಎಂಬ ಸರದಿಯೂ ಕೆಡುವುದಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಅದು ಇದ್ದರೆ, ಬರಿಯ ಸ್ಟ್ಯಾಂಡರ್ಡನ್ನು (ಪ್ರಮಾಣ ಗೊತ್ತಿರುವ ಶುದ್ಧ ಅಫ್ಲಾಟಾಕ್ಸಿನ್ ದ್ರಾವಣವನ್ನು) ಆ ದೀಪ ಆರಿಸಿ ಒಮ್ಮೆ, ಉರಿಸಿ ಒಮ್ಮೆ ಹಾಕಿ ನೋಡಿ. ಎರಡನೆಯ ಸಲ ಬಿ1, ಜಿ1 ಎದ್ದು ನಿಂತರೆ ನಿಮ್ಮ ಡಿಟೆಕ್ಟರ್ ಸರಿಯಾಗಿದೆ.